ಹೇರಿನ ಗಂಟು ಯಾರ ಋಣ

ನಮ್ಮ ಮನೆಗಳಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲ ತಲೆಮಾರು ನಾವು. ಬಿ.ಎ. ಮುಗಿಸಿ, ಕವಿತೆ ಬರೆದು, ನೌಕರಿಗೆ ಅರ್ಜಿ ಹಾಕಿ ಕೂತವರು. ಕೂತವರಿಗೆ ಅನ್ನ ಯಾರು ಹಾಕುತ್ತಾರೆ? ಒಂದು ಸುಗ್ಗಿ ಬ್ಯಾಡಗಿ ಪೇಟೆಗೆ ಹಮಾಲಿಗೆ ಹೋದೆವು. ಚೀಲ ಹೊರುವುದು ಹೇಗೋ ಬಂತು. ‘ಹೊರೋದು ಅವರ ರಕ್ತದಾಗ ಐತಿ ಬಿಡ್ರಿ’ ಎಂದು ಅಂಗಡಿಯ ಗುಮಾಸ್ತ ನಕ್ಕ. ರಕ್ತದಲ್ಲಿ ಏನೂ ಇರಲಿಲ್ಲ. ಮೂರು ದಿನ ಮೈಕೈ ನೋವು, ಜ್ವರ. ನಾಲ್ಕನೆಯ ದಿನ ಬೆನ್ನು ಕಲಿಯಿತು, ಅಷ್ಟೆ. ಆದರೆ ಹಗ್ಗ ಮಾತ್ರ ಬರಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಯನ್ನು ಬಲ್ಲವರಿಗೆ ಗೊತ್ತು: ಖಾರ ಕಡಿಮೆ, ಬಣ್ಣ ಜಾಸ್ತಿ. ಹಮಾಲನಿಗೆ ಗೊತ್ತಿರುವುದು ಬೇರೆ. ಈ ಕಾಯಿ ಹಗುರ, ಆದರೆ ಜಾಗ ತಿನ್ನುತ್ತದೆ. ತೂಕ ತುಂಬುವ ಮೊದಲೇ ಲಾರಿ ಎತ್ತರಕ್ಕೆ ತುಂಬಿಬಿಡುತ್ತದೆ. ಡ್ರೈವರನ ತಲೆ ಮೇಲೆ ಇನ್ನೊಂದು ಲಾರಿ ನಿಂತ ಹಾಗೆ ಚೀಲಗಳ ಗೋಡೆ. ರಾಣೆಬೆನ್ನೂರು, ಹಾವೇರಿ ಕಡೆಯ ಹತ್ತಿ ಅಂಡಿಗೆಗಳದ್ದೂ ಇದೇ ಗುಣ. ಇಂಥ ಹೇರು ತಿರುವಿನಲ್ಲಿ ತೂಗುತ್ತದೆ, ಗುಂಡಿಯಲ್ಲಿ ಕುಲುಕುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ತಾಡಪತ್ರಿಯಲ್ಲ, ಲಾರಿಯ ಕಟ್ಟಿಗೆಯೂ ಅಲ್ಲ. ಹಗ್ಗ. ಹಗ್ಗವನ್ನು ಹಿಡಿದು ನಿಲ್ಲಿಸುವುದು ಒಂದು ಗಂಟು.

ಆ ಗಂಟನ್ನು ನಾವು ಮೊದಲ ಸಲ ಹಾಕಿದಾಗ ಹಿರಿಯ ಹಮಾಲ ಕಾಕಾ ಬಂದು ನೋಡಿ, ‘ಲೇ ತಮ್ಮಾ, ಇದೇನ್ ಹಾಕೀಯೋ, ಬ್ರಹ್ಮಗಂಟು? ಲಾರಿ ಮುಟ್ಟಿದ ಊರಾಗ ಇದನ್ನ ಬಿಚ್ಚಾವ ಯಾರು, ಬ್ರಹ್ಮನ ಇಳದು ಬರ್ತಾನೇನು?’ ಎಂದ. ಕೊಯ್ಯಲು ಕುಡಗೋಲು ಹುಡುಕಿದೆವು. ಕಾಕಾ ಬಿಡಲಿಲ್ಲ. ‘ಹಗ್ಗಕ್ಕ ಕುಡಗೋಲ ಹಚ್ಚಬ್ಯಾಡ. ಹಾಕಿದಾವ ನೀ, ಬಿಚ್ಚಾವನೂ ನೀನ.’

ಈ ದೇಶದಲ್ಲಿ ಬ್ರಹ್ಮಗಂಟು ಎಂದರೆ ದೊಡ್ಡ ಮಾತು. ಮದುವೆಗೆ ಆ ಹೆಸರು, ಹಣೆಬರಹಕ್ಕೆ ಆ ಮಾತು. ಬಿಚ್ಚಲಾಗದ್ದು ಶ್ರೇಷ್ಠ ಎಂದು ನಮಗೆ ಕಲಿಸಿದ್ದಾರೆ. ಬ್ಯಾಡಗಿಯ ಹಮಾಲರ ಬಾಯಲ್ಲಿ ಅದು ಕೆಲಸ ಬಾರದವನ ಗುರುತು. ನಮಗೆ ಈ ಒಂದು ಬೈಗುಳದಿಂದ ಸಿಕ್ಕ ತಿಳಿವಳಿಕೆ ಮೂರು ವರ್ಷದ ಐಚ್ಛಿಕ ಕನ್ನಡದಲ್ಲಿ ಸಿಕ್ಕಿರಲಿಲ್ಲ.

ಗಂಟು ಹಾಕುವ ರೀತಿ ಇದು. ಹಗ್ಗದ ಒಂದು ತುದಿ ಲಾರಿಯ ಆ ಬದಿಯ ಕೊಂಡಿಗೆ. ಉಳಿದ ಹಗ್ಗವನ್ನು ಹೇರಿನ ಮೇಲೆ ಒಗೆದು ಈ ಬದಿಗೆ ಬರಬೇಕು. ಎದೆಮಟ್ಟದಲ್ಲಿ ಹಗ್ಗವನ್ನು ತಿರುವಿ ಒಂದು ಕುಣಿಕೆ ಮಾಡಬೇಕು. ಕೆಳಗೆ ಉಳಿದ ಹಗ್ಗವನ್ನು ಈ ಬದಿಯ ಕೊಂಡಿಯ ಅಡಿ ಹಾಯಿಸಿ, ಮತ್ತೆ ಮೇಲೆ ತಂದು, ಆ ಕುಣಿಕೆಯೊಳಗೆ ತೂರಿಸಿ, ಕಾಲು ಊರಿ ಮೈಭಾರ ಬಿಟ್ಟು ಕೆಳಗೆ ಜಗ್ಗಬೇಕು. ಬಿಗಿ ಬಂದ ಮೇಲೆ ಕುಣಿಕೆಯ ಹತ್ತಿರ ಎರಡು ಬೆರಳಲ್ಲಿ ಚಿವುಟಿ ಹಿಡಿದು, ಇನ್ನೊಂದು ಕೈಯಿಂದ ಜೀರುಗುಣಿಕೆ ಹಾಕಿ ಮುಗಿಸಬೇಕು. ಜೀರುಗುಣಿಕೆ ಎಂದರೆ ಹೇರು ಜಗ್ಗುವ ಕಡೆಯಿಂದ ಎಷ್ಟು ಜಗ್ಗಿದರೂ ಬಿಗಿಯುವುದು, ಬಾಲ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವುದು. ‘ಗಂಟಿಗೆ ಎರಡು ಕೆಲಸ ಅದಾವ. ಹೇರು ಇರೋತನ ಹಿಡೀಬೇಕು. ಇಳಿಸಾವ ಎಳದ್ರ ಬಿಡಬೇಕು. ಒಂದ ಕೆಲಸ ಮಾಡಿದ್ರ ಅದು ಗಂಟಲ್ಲ’ ಎಂದು ಕಾಕಾ ಹೇಳಿದ.

ಕೊಂಡಿಯೂ ಕುಣಿಕೆಯೂ ಇಲ್ಲಿ ರಾಟೆಯ ಕೆಲಸ ಮಾಡುತ್ತವೆ. ಲೆಕ್ಕದಲ್ಲಿ ಒಂದು ಪಾಲು ಜಗ್ಗಿದರೆ ಮೂರು ಪಾಲು ಬಿಗಿ. ಹಗ್ಗ ಹಗ್ಗಕ್ಕೆ ಉಜ್ಜುವುದರಿಂದ ಪೂರಾ ಮೂರು ಪಾಲು ಕೈಗೆ ಬರುವುದಿಲ್ಲ, ಆದರೂ ಬರೀ ಜಗ್ಗಿದ್ದಕ್ಕಿಂತ ಬಹಳ. ರಾಟೆಯ ಪಾಠವನ್ನು ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮಾರ್ಕು ತಗೊಂಡಿದ್ದೆವು. ಅದೇ ಪಾಠ ಹಗ್ಗದ ರೂಪದಲ್ಲಿ ಎದುರು ನಿಂತಾಗ ಗುರುತು ಹಿಡಿಯಲಿಲ್ಲ. ಕಾಕಾ ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ನಮ್ಮಿಬ್ಬರಲ್ಲಿ ಸರಕಾರದ ಲೆಕ್ಕಕ್ಕೆ ‘ಅಕುಶಲ’ ಕಾರ್ಮಿಕ ಅವನು.

ಹಗ್ಗದ ಜಾತಿಯನ್ನೂ ಬಲ್ಲವನು ಅವನು (ಹಗ್ಗಕ್ಕೆ ಮಾತ್ರ ಜಾತಿ ಇರುವುದು ನ್ಯಾಯ). ಪುಂಡಿ ನಾರಿನ ಹಗ್ಗ ಮಳೆ ಕುಡಿದರೆ ಉಬ್ಬಿ ಬಿಗಿಯುತ್ತದೆ, ಗಂಟು ಕಲ್ಲಾಗುತ್ತದೆ. ನೈಲಾನ್ ತೋಯ್ದರೆ ಹಿಗ್ಗುತ್ತದೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ನುಣುಪು, ಗಂಟು ಜಾರುತ್ತದೆ, ಅದಕ್ಕೆ ಒಂದು ಸುತ್ತು ಹೆಚ್ಚು ಬೇಕು. ಯಾವ ಹಗ್ಗವಾದರೂ ಹೊರಟ ಕೆಲವೇ ಮೈಲಿಯಲ್ಲಿ ಚೀಲ ಕುಸಿದು ಕೂರುತ್ತವೆ, ಬಿಗಿ ಸಡಿಲಾಗುತ್ತದೆ, ನಿಲ್ಲಿಸಿ ಮತ್ತೆ ಜಗ್ಗಬೇಕು. ಕುಣಿಕೆಯನ್ನು ಉಲ್ಟಾ ತಿರುವಿದ್ದರೆ ಆ ಸಡಿಲಿನಲ್ಲಿ ಅದು ತಾನಾಗಿಯೇ ಕಳಚಿಕೊಳ್ಳುತ್ತದೆ.

ಅದೇ ಆಯಿತು. ಕಲಿತೆವು ಅಂದುಕೊಂಡ ಮೇಲೆ, ಒಂದು ಗುರುವಾರ ಸಂಜೆ, ನಾವು ಕಟ್ಟಿದ ಲಾರಿ ಮೋಟೆಬೆನ್ನೂರಿನ ಕಡೆ ಹೆದ್ದಾರಿಗೆ ಹೊರಟಿತು. ದಾರಿಯಲ್ಲಿ ಎರಡು ಚೀಲ ಜಾರಿ ಬಿದ್ದವು. ಅಂಗಡಿಯವರು ಎರಡು ದಿನದ ಕೂಲಿ ಮುರಿದುಕೊಂಡರು. ಅದು ಹೋಗಲಿ. ಚೀಲ ಬಿದ್ದದ್ದು ಸೈಕಲ್ಲಿನ ಹಿಂದೆ ಮೇವಿನ ಹೊರೆ ಕಟ್ಟಿಕೊಂಡು ಬರುತ್ತಿದ್ದ ಒಬ್ಬ ಮುದುಕನ ಮುಂದೆ, ಒಂದು ಮಾರು ದೂರದಲ್ಲಿ. ನಾವು ಕಾಯಿ ಬಳಿಯಲು ಹೋದಾಗ ಆತ ರಸ್ತೆ ಬದಿಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಸೈಕಲ್ ಮಲಗಿತ್ತು, ಮೇವಿನ ಹೊರೆ ಮಾತ್ರ ಕಟ್ಟಿದ ಹಾಗೇ ಇತ್ತು. ‘ಯಾರಪಾ ಹಗ್ಗ ಕಟ್ಟಿದ್ದು?’ ಎಂದು ಕೇಳಿದ. ಉತ್ತರ ಕೊಡಲಿಲ್ಲ. ಈ ಬರಹದಲ್ಲಿ ನಾವು ನಾವು ಎನ್ನುತ್ತಿದ್ದೇವಲ್ಲ, ಆ ಗಂಟು ಹಾಕಿದ ಕೈ ಒಂದೇ. ‘ನಾವು’ ಎಂಬ ಮಾತಿನ ಹಿಂದೆ ಆ ಕೈಯನ್ನು ಅಡಗಿಸಬಾರದು ಎಂದು ಇಷ್ಟು ಹೇಳಿದೆವು.

ಇದಕ್ಕೂ ಎರಡು ತಿಂಗಳ ಹಿಂದೆ ರಾಣೆಬೆನ್ನೂರಿನ ಒಂದು ಕೋಣೆಯಲ್ಲಿ ಗೆಳೆಯರೆಲ್ಲ ಕೂಡಿದ್ದೆವು. ಒಬ್ಬ ಗೆಳೆಯ ಕವಿತೆ ಓದಿದ. ಸಾಹುಕಾರನ ಹೇರಿಗೆ ನಾವೇಕೆ ಗಟ್ಟಿ ಗಂಟು ಹಾಕಬೇಕು, ಸಡಿಲು ಬಿಡೋಣ, ಉರುಳಲಿ ಎಂಬ ಅರ್ಥದ ಕವಿತೆ. ಚಪ್ಪಾಳೆ ಹೊಡೆದೆವು. ನಾವೂ ಹೊಡೆದೆವು, ಜೋರಾಗಿಯೇ. ಮೋಟೆಬೆನ್ನೂರಿನ ದಾರಿಯಲ್ಲಿ ಆ ಕವಿತೆ ನೆನಪಾಯಿತು. ಸಾಹುಕಾರನ ಹೇರು ಉರುಳಿದ್ದು ಸಾಹುಕಾರನ ಮೇಲಲ್ಲ. ಆತ ಲಾರಿಯ ಹಿಂದೆ ಸೈಕಲ್ ತುಳಿಯುವವನಲ್ಲ.

ಗೆಳೆಯನ ಪ್ರಶ್ನೆ ಹಾಗೆಂದು ಸುಳ್ಳಾಗುವುದಿಲ್ಲ. ಅದರ ಬೇರು ಆಳದಲ್ಲಿದೆ. ನಮ್ಮ ಕೇರಿಯ ಹಿರಿಯರು ತೊಗಲು ಹದಮಾಡಿ ಮಿಣಿ ಮಾಡಿದರು, ಜತ್ತಿಗೆ ಮಾಡಿದರು, ಬಾರುಕೋಲು ಮಾಡಿದರು, ಕಪಿಲೆ ಬಾವಿಗೆ ತೊಗಲ ಬಾನಿ ಹೊಲಿದರು. ರೈತನ ನೊಗ ಮಿಣಿಯಿಲ್ಲದೆ ಕದಲುತ್ತಿರಲಿಲ್ಲ. ಪ್ರತಿಯಾಗಿ ಸುಗ್ಗಿಯಲ್ಲಿ ಆಯದ ಕಾಳು, ಅದೂ ಕಣದ ಹೊರಗೆ ನಿಂತು. ಬಾನಿ ಬಾವಿಗಿಳಿಯಬಹುದು, ಬಾನಿ ಹೊಲಿದವನು ಇಳಿಯಬಾರದು. ಮಿಣಿ ಮುಟ್ಟಬಹುದು, ಮಿಣಿ ಮಾಡಿದವನನ್ನು ಮುಟ್ಟಬಾರದು. ಅಂದರೆ ನಮ್ಮ ಕೈಯನ್ನು ನಂಬದವರು ನಮ್ಮ ಗಂಟನ್ನು ನಂಬಿ ಬದುಕಿದರು. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಪಾಲು ಮಾಡಿ ಮೇಲೆ ಕೆಳಗೆ ಇಟ್ಟಿದೆ ಎಂದು ಬಾಬಾಸಾಹೇಬರು 1936ರಲ್ಲೇ ವಾದ ಹೂಡಿದ್ದರು. ಇಂಥ ವ್ಯವಸ್ಥೆಗೆ ನಾವು ಗಟ್ಟಿ ಗಂಟು ಹಾಕಿಕೊಡುವ ಋಣ ಎಲ್ಲಿಂದ ಬಂತು?

ಇಲ್ಲಿ ಕೆಲವರು ಕಾಯಕದ ಮಾತು ತೆಗೆಯುತ್ತಾರೆ. ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯನ ಹೆಸರು ಹೇಳುತ್ತಾರೆ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ದಾಸೋಹ ಮಾಡಿದ ಶರಣ. ಹುಲ್ಲು ಕೊಯ್ಯುವಾಗ ಲಿಂಗ ನೀರಿಗೆ ಬಿದ್ದರೂ ತಿರುಗಿ ನೋಡದೆ ಹೊರೆ ಹೊತ್ತು ನಡೆದನಂತೆ, ಲಿಂಗವೇ ಬೆನ್ನುಹತ್ತಿ ಬಂತಂತೆ. ನಮಗೆ ಈ ಕತೆ ಬಹಳ ಇಷ್ಟ. ಆದರೆ ಸಾಹುಕಾರರು ಹೇಳುವ ರೀತಿ ಇಷ್ಟವಿಲ್ಲ. ಅವರ ಬಾಯಲ್ಲಿ ಕಾಯಕವೆಂದರೆ ಕೂಲಿ ಕೇಳದೆ ದುಡಿ ಎಂದರ್ಥ. ಚಂದಯ್ಯ ಹಗ್ಗ ಮಾರಿದವನು, ಬಿಟ್ಟಿ ಕೊಟ್ಟವನಲ್ಲ. ಲಿಂಗಕ್ಕೂ ಬಗ್ಗದವನು ಅಡತಿ ಅಂಗಡಿಗೆ ಬಗ್ಗುತ್ತಿದ್ದನೇ?

ನಮಗೆ ದಾರಿ ತೋರಿದ್ದು ಇನ್ನೊಬ್ಬ ಶರಣ, ನಮ್ಮ ಜಿಲ್ಲೆಯವನೇ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ, ತುಂಗಭದ್ರೆಯ ದಂಡೆ, ಅಂಬಿಗರ ಚೌಡಯ್ಯ. ವಚನದಲ್ಲಿ ಯಾರ ಮುಖವನ್ನೂ ನೋಡದೆ ಬೈದವನು. ಆದರೆ ದೋಣಿಗೆ ತೂತು ಕೊರೆದನೆಂದು ಯಾವ ಕತೆಯೂ ಇಲ್ಲ. ದೋಣಿಯಲ್ಲಿ ಡಾಂಭಿಕನೂ ಇರುತ್ತಾನೆ, ಅವನ ಪಕ್ಕದಲ್ಲಿ ಕೂಸನ್ನೆತ್ತಿಕೊಂಡ ಕೂಲಿಯವಳೂ ಇರುತ್ತಾಳೆ. ತೂತು ಇಬ್ಬರನ್ನೂ ಬೇರೆ ಮಾಡಿ ನೋಡುವುದಿಲ್ಲ. ಬಯ್ಯಬೇಕೆಂದರೆ ಬಾಯಿ ಇದೆ. ದಾಟಿಸುವುದಿಲ್ಲ ಎನ್ನಬೇಕೆಂದರೆ ಹುಟ್ಟು ಕೆಳಗಿಡಬಹುದು.

ಅದಕ್ಕೇ ನಮಗೆ ಅನ್ನಿಸುವುದು, ಕಟ್ಟುವುದಿಲ್ಲ ಎಂದು ಹಗ್ಗ ಕೆಳಗಿಡುವುದು ಬೇರೆ, ಕಟ್ಟಿದಂತೆ ಮಾಡಿ ಸಡಿಲು ಬಿಡುವುದು ಬೇರೆ. ಮೊದಲನೆಯದನ್ನು ಹಗಲಲ್ಲಿ, ಎಲ್ಲರೆದುರು, ಹೆಸರು ಹೇಳಿ ಮಾಡಬೇಕಾಗುತ್ತದೆ. ಎರಡನೆಯದರ ಪೆಟ್ಟು ಯಾರಿಗೆ ಬೀಳುತ್ತದೆಂದು ಮಾಡಿದವನಿಗೇ ಗೊತ್ತಿರುವುದಿಲ್ಲ. ಗಂಟಿನ ಋಣ ಮಾಲಿನ ಒಡೆಯನದಲ್ಲ. ದಾರಿಯಲ್ಲಿ ನಡೆಯುವ, ನಾವು ಮುಖ ನೋಡದ, ಜಾತಿ ಕೇಳದ ಆ ಮನುಷ್ಯನದು. ಹೀಗೆ ಹೇಳಿದ ಕೂಡಲೇ ಭಯವೂ ಆಗುತ್ತದೆ. ನಮ್ಮ ಈ ನಿಯತ್ತನ್ನು ಅಂಗಡಿಯವರು ಪುಕ್ಕಟೆ ಬಳಸಿಕೊಳ್ಳುತ್ತಾರೆ. ‘ಇವರು ಹೆಂಗೂ ಗಟ್ಟಿ ಕಟ್ಟತಾರ’ ಎಂದು ಕೂಲಿ ಏರಿಸುವುದಿಲ್ಲ. ದಾರಿಹೋಕನ ಋಣ ತೀರಿಸುವುದು ನಮ್ಮ ಪಾಲಿಗೆ, ಅದರ ಲಾಭ ಅವರ ಪಾಲಿಗೆ. ಈ ತೊಡಕಿಗೆ ನಮ್ಮ ಹತ್ತಿರ ಪೂರಾ ಉತ್ತರವಿಲ್ಲ. ಋಣ ಒಂದು ಕಡೆ, ಕೂಲಿಯ ಜಗಳ ಇನ್ನೊಂದು ಕಡೆ, ಎರಡನ್ನೂ ಒಂದೇ ಹೆಗಲ ಮೇಲೆ ಹೊರಬೇಕು ಎಂಬಷ್ಟು ಗೊತ್ತು.

ಹೊತ್ತವರೂ ಇದ್ದಾರೆ. ಪುಣೆಯಲ್ಲಿ ಹಮಾಲ್ ಪಂಚಾಯತ್ ಕಟ್ಟಿದ ಬಾಬಾ ಆಢಾವ ಅವರು 1970ರ ದಶಕದಲ್ಲಿ ‘ಒಂದು ಊರು, ಒಂದೇ ನೀರಿನ ನೆಲೆ’ ಎಂಬ ಚಳವಳಿಯನ್ನೂ ಮಾಡಿದರು. ಹೊರುವ ಬೆನ್ನಿನ ಪ್ರಶ್ನೆ, ಬಾವಿಯ ಪ್ರಶ್ನೆ ಎರಡನ್ನೂ ಒಬ್ಬರೇ ಎತ್ತಿಕೊಂಡರು. ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ, ಹಮಾಲರ ಕಾಯ್ದೆ ಬಂತು. ಮಂಡಳಿಯಲ್ಲಿ ಹಮಾಲನ ಹೆಸರು ದಾಖಲು, ಮಾಲಕ ಕೂಲಿಯ ಜೊತೆ ಇಂತಿಷ್ಟು ವಂತಿಗೆಯನ್ನು ಮಂಡಳಿಗೆ ಕಟ್ಟಬೇಕು, ಅದರಿಂದ ಭವಿಷ್ಯನಿಧಿ ಮುಂತಾದವು. ನಮ್ಮ ಕಡೆಯ ಕಾಯ್ದೆಯ ಕಣ್ಣು ಬೇರೆಲ್ಲೋ ಇದೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ, ಲಾರಿಯ ಹೊರಗೆ ಚಾಚಿದ ಹೇರಿಗೆ 20,000 ರೂಪಾಯಿ ದಂಡ ಬಂದಿದೆ. ಹೇರಿನ ಉದ್ದ, ಅಗಲ, ಎತ್ತರ ಕಾಯ್ದೆಗೆ ಕಾಣುತ್ತದೆ. ಕಟ್ಟಿದ ಕೈ ಕಾಣುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದು ರೈತರ ಸಿಟ್ಟು ಹೊತ್ತಿ, ಇಲ್ಲಿಯ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಆ ವಾರ ನಾವು ಓದಿದ ವರದಿಗಳಲ್ಲಿ ಕಾಯಿಯ ದರ ಇತ್ತು, ರೈತನ ಕಣ್ಣೀರಿತ್ತು, ಇರಲೇಬೇಕು. ತೊಟ್ಟು ಬಿಡಿಸುವ ಹೆಂಗಸರೂ ಹೇರು ಕಟ್ಟುವ ಹಮಾಲರೂ ಕಾಣಲಿಲ್ಲ.

ಅಮೆರಿಕದ ಕ್ಲಿಫರ್ಡ್ ಆಶ್ಲಿ ಎಂಬಾತ 1944ರಲ್ಲಿ ಗಂಟುಗಳದ್ದೇ ಒಂದು ದೊಡ್ಡ ಪುಸ್ತಕ ತಂದನಂತೆ, ಅದರಲ್ಲಿ 3,800ಕ್ಕೂ ಹೆಚ್ಚು ನಮೂದುಗಳು. ಹಡಗಿನವರು, ಕೂಲಿಯವರು ಕಟ್ಟುವುದನ್ನು ನೋಡಿ ಕೂಡಿಸಿದ್ದು. ನಮ್ಮ ಈ ಗಂಟಿಗೆ ಆ ದೇಶದಲ್ಲಿ ಲಾರಿಯವರ ಹೆಸರೇ ಇದೆ. ಕಾಕಾನನ್ನು ಕೇಳಿದೆವು, ‘ಕಾಕಾ, ಇದಕ್ಕ ಏನ ಹೆಸರರಿ?’ ‘ಹೆಸರ ಯಾಕ ಬೇಕೋ? ಜಗ್ಗಿ ಕಟ್ಟು ಅಂದ್ರ ಇದನ್ನ ಕಟ್ಟತೀವಿ’ ಎಂದ. ಹಗ್ಗ ಜಾರಿ ಅವನ ಅಂಗೈ ಗೆರೆಗಳೇ ಸವೆದಿವೆ. ಅದರೊಳಗೆ ಮೆಣಸಿನ ಘಾಟು ಇಳಿದರೂ ಅವನಿಗೆ ಉರಿಯುವುದಿಲ್ಲವಂತೆ. ನಮಗೆ ಈಗಲೂ ಉರಿಯುತ್ತದೆ, ರಾತ್ರಿ ಪೆನ್ನು ಹಿಡಿದಾಗಲಂತೂ.

ಈ ವರ್ಷ ಕಾಕಾ ಮೇಲೆ ಹತ್ತುವುದಿಲ್ಲ, ಮೊಣಕಾಲು ಬಿಟ್ಟಿವೆ. ಪಿಯುಸಿ ಮುಗಿಸಿದ ಒಬ್ಬ ಹುಡುಗ ಹೊಸದಾಗಿ ಬಂದಿದ್ದಾನೆ. ಹೋದ ಸೋಮವಾರ ಅವನಿಗೆ ನಾವು ಹಗ್ಗ ಕೊಟ್ಟೆವು. ಕುಣಿಕೆಯನ್ನು ಎರಡು ಸಲ ಉಲ್ಟಾ ತಿರುವಿದ, ಮೂರನೆಯ ಸಲ ಸಿಟ್ಟಿನಿಂದ ಸುತ್ತಿ ಸುತ್ತಿ ಒಂದು ಬ್ರಹ್ಮಗಂಟು ಹಾಕಿದ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ಗುಮಾಸ್ತ ಬಾಗಿಲಿಗೆ ಬಂದು ಬೈದ. ಹುಡುಗ ನಮ್ಮ ಸೊಂಟದ ಕುಡಗೋಲಿನ ಕಡೆ ನೋಡಿದ. ಕೊಡಲಿಲ್ಲ. ಉಗುರು, ಹಲ್ಲು, ದಬ್ಬಣದ ಮೊನೆ ಎಲ್ಲ ಹಚ್ಚಿ ಬಿಚ್ಚಿದ, ಅರ್ಧ ತಾಸು ಹಿಡಿಯಿತು. ಆಮೇಲೆ ಹಗ್ಗದ ತುದಿಯನ್ನು ಕೊಂಡಿಯ ಅಡಿ ಹಾಯಿಸಿ ಮತ್ತೆ ಮೊದಲಿಂದ ಶುರು ಮಾಡಿದ.