ಬಿಡುವುದು, ಕೈಬಿಡುವುದು

ಒಂದೇ ಬೆಳಿಗ್ಗೆ ನನಗೆ ಎರಡು ಉಪದೇಶ ಸಿಕ್ಕಿತು. ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, "ಬೀಡಿ ಗಿವ್ ಅಪ್ ಮಾಡಿ" ಎಂದರು. ಅಂಗಳದ ಪಾಚಿಯಲ್ಲಿ ಜಾರಿಬಿದ್ದು ಗಡಸಾಗಿದ್ದ ನನ್ನ ಮೊಣಕಾಲನ್ನು ಪಕ್ಕದ ಕೋಣೆಯಲ್ಲಿ ಮಡಚಿಸುತ್ತಿದ್ದ ಹುಡುಗಿ, "ಅಂಕಲ್, ಗಿವ್ ಅಪ್ ಮಾಡ್ಬೇಡಿ" ಎಂದಳು. ಮಾಡಬೇಕಾ, ಮಾಡಬಾರದಾ? ಕಂಕನಾಡಿಯಿಂದ ಜೆಪ್ಪುವರೆಗೆ ರಿಕ್ಷಾದಲ್ಲಿ ಅದೇ ಯೋಚನೆ.

ನಾನು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವನು. ಓದಿದ್ದು ಕನ್ನಡ ಮೀಡಿಯಂ, ಏಳನೇ ಕ್ಲಾಸು. ಇಂಗ್ಲಿಷನ್ನು ತಪ್ಪಿಲ್ಲದೆ ಜೋಡಿಸಿದ್ದೇನೆ, ಅರ್ಥ ಯಾರೂ ಕೇಳಲಿಲ್ಲ. ಗಿವ್ ಎಂದರೆ ಕೊಡು, ಅಪ್ ಎಂದರೆ ಮೇಲೆ. ಎರಡೂ ಸೇರಿದರೆ ಬಿಡುವುದು ಹೇಗಾಯಿತು? ನಮ್ಮ ಊರಲ್ಲೇ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟೂ ಇದಕ್ಕೆ ಆಗುವುದಿಲ್ಲ, ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದ್ದು. ಆದರೆ ನಮ್ಮಲ್ಲೂ 'ಬಿಟ್ಟುಕೊಡು' ಎನ್ನುತ್ತೇವಲ್ಲ. ಅಲ್ಲಿಯೂ ಒಂದು ಕೊಡು ಉಂಟು.

ಮೊಮ್ಮಗಳು ಸುಲಭ ಮಾಡಿದಳು: "ಅಜ್ಜ, ಕೆಟ್ಟದ್ದನ್ನು ಬಿಡಬೇಕು, ಒಳ್ಳೆಯದನ್ನು ಬಿಡಬಾರದು. ಅಷ್ಟೇ."

ಅಷ್ಟೇ ಆಗಿದ್ದರೆ ಬಾಹುಬಲಿಯ ಕಥೆ ಎಂತ ಮಾಡುವುದು? ರಾಜ್ಯ ಕೆಟ್ಟದ್ದಲ್ಲ. ಅಣ್ಣನನ್ನು ಗೆದ್ದು, ಎಲ್ಲವೂ ಕೈಗೆ ಬಂದ ಗಳಿಗೆಯಲ್ಲೇ ಅವನು ಅದನ್ನು ಬಿಟ್ಟ. ಸೋತು ಬಿಟ್ಟಿದ್ದರೆ ವೀರಪಾಂಡ್ಯ ಭೈರರಸ 1432ರಲ್ಲಿ ಕಾರ್ಕಳದ ಗುಡ್ಡೆಯ ಮೇಲೆ 42 ಅಡಿಯ ಮೂರ್ತಿ ನಿಲ್ಲಿಸುತ್ತಿದ್ದನೇ? ಇತ್ತ ಅರ್ಜುನನೂ ಬಿಡುತ್ತೇನೆಂದೇ ಬಿಲ್ಲು ಕೆಳಗಿಟ್ಟವನು. ಅವನನ್ನು ಕೃಷ್ಣ ತ್ಯಾಗಿ ಎಂದು ಹೊಗಳಲಿಲ್ಲ, ಎಬ್ಬಿಸಿ ನಿಲ್ಲಿಸಿದ. ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಬಿಡುವುದರಲ್ಲೇ ಮೂರು ಬಗೆ ಹೇಳಿದ. ಮೈನೋವಿಗೆ ಹೆದರಿ ಮಾಡಬೇಕಾದದ್ದನ್ನು ಬಿಟ್ಟರೆ ಅದು ರಾಜಸ, ಅದಕ್ಕೆ ತ್ಯಾಗದ ಫಲ ಇಲ್ಲ. ಇದನ್ನು ದೇವಸ್ಥಾನದ ಪ್ರವಚನದಲ್ಲಿ ಎಷ್ಟೋ ಸಲ ಕೇಳಿದ್ದೆ. ನನ್ನ ಮೊಣಕಾಲಿಗೂ ಸೇರಿಸಿ ಹೇಳಿದ್ದೆಂದು ಗೊತ್ತಾದದ್ದು ಈಗ.

ಬೀಡಿಯನ್ನು ನಾನು ಮೊದಲೂ ಬಿಟ್ಟದ್ದುಂಟು, ಅಂಗಡಿಯವರು ಕಡ ಕೊಡದಿದ್ದಾಗ. ಅದು ಬಿಟ್ಟದ್ದಲ್ಲ, ಸಿಗದ್ದು. ನನ್ನ ಹೆಂಡತಿ ಬೀಡಿ ಕಟ್ಟಿಯೇ ಮಗಳನ್ನು ಓದಿಸಿದವಳು, ಒಂದನ್ನೂ ಸೇದಿದವಳಲ್ಲ. ನಾನು ಹಚ್ಚಿದಾಗಲೆಲ್ಲ "ಬುಡ್ಲೆ ಮಾರಾಯ್ರೆ" ಎನ್ನುತ್ತಿದ್ದಳು. ಅದು ತುಳು, ಅದರ ಅರ್ಥಕ್ಕೆ ನಿಘಂಟು ಬೇಕಿರಲಿಲ್ಲ. ಆದರೂ ಕೇಳಲಿಲ್ಲ.

ಈಗ ನನಗೆ ತೋಚುವುದಿಷ್ಟು: ಏನನ್ನು ಬಿಟ್ಟೆ ಎನ್ನುವುದಕ್ಕಿಂತ ಯಾಕೆ ಬಿಟ್ಟೆ ಎನ್ನುವುದು ದೊಡ್ಡದು. ಕೈಯಲ್ಲಿದ್ದದ್ದನ್ನು ತಿಳಿದು ಬಿಟ್ಟರೆ ಬಿಡುವುದು, ಕಷ್ಟಕ್ಕೆ ಹೆದರಿ ಬಿಟ್ಟರೆ ಕೈಬಿಡುವುದು. ಡಾಕ್ಟರು ಹೇಳಿದ್ದು ಮೊದಲಿನದನ್ನು, ಹುಡುಗಿ ಬೇಡವೆಂದದ್ದು ಎರಡನೆಯದನ್ನು.

ಬೀಡಿ ಬಿಟ್ಟು ಇವತ್ತಿಗೆ 19 ದಿನ. ಮೊಣಕಾಲು ಇನ್ನೂ ಪೂರ್ತಿ ಮಡಚುವುದಿಲ್ಲ.