ಕ್ಷಮಿಸಿದ ಮೇಲೆ ಕೇಳಬಾರದೇ?



ಕೆಲವು ವರ್ಷಗಳ ಹಿಂದಿನ ಒಂದು ಶುಭ ಶುಕ್ರವಾರ. ಜೊಯಿಡಾ ತಾಲ್ಲೂಕಿನ ನಮ್ಮ ಪುಟ್ಟ ಊರಿನಲ್ಲಿ ಶಿಲುಬೆಯ ಹಾದಿ ನಡೆದಿತ್ತು. ಎಪ್ಪತ್ತು ದಾಟಿದ ನೆರೆಮನೆಯ ಅಜ್ಜಿ ಬೆಳಗಿನಿಂದ ಒಂದು ಗುಟುಕು ಚಹವನ್ನೂ ಮುಟ್ಟಿರಲಿಲ್ಲ. ಹನ್ನೊಂದನೆಯ ಸ್ಥಳದ ಬಳಿ ಅವರ ಮೈ ಬೆವರಿತು, ಮಾತು ತೊದಲಿತು, ನೋಡನೋಡುತ್ತಿದ್ದಂತೆ ಕುಸಿದು ಬಿದ್ದರು. ಉಪವಾಸದ ನಿತ್ರಾಣವೆಂದು ನಾವೆಲ್ಲ ನೀರು ಚಿಮುಕಿಸಿದೆವು, ಗಾಳಿ ಬೀಸಿದೆವು. ಜೀಪು ಹುಡುಕಿ ದಾಂಡೇಲಿಗೆ ಕರೆದೊಯ್ಯುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಅಲ್ಲಿ ಪರೀಕ್ಷಿಸಿದಾಗ ರಕ್ತದಲ್ಲಿನ ಸಕ್ಕರೆ ಪ್ರಾಣಕ್ಕೆ ಎರವಾಗುವಷ್ಟು ಇಳಿದಿತ್ತು. ಅಜ್ಜಿ ಬದುಕಿದರು. ಆದರೆ ಬಿದ್ದಾಗ ಮುರಿದ ಸೊಂಟ ಅವರನ್ನು ಮತ್ತೆ ಊರುಗೋಲಿಲ್ಲದೆ ನಡೆಯಗೊಡಲಿಲ್ಲ.

ಇದಕ್ಕೆ ಎರಡು ವರ್ಷ ಮೊದಲು, ಮದುವೆಯ ಊಟ ಮುಗಿಸಿ ಬರುವಾಗ, ಕಾಲುನೋವೆಂದು ಅಜ್ಜಿ ಒಬ್ಬ ವೈದ್ಯರಲ್ಲಿಗೆ ಹೋಗಿದ್ದರು. ವೈದ್ಯರು ಒಂದೇ ಒಂದು ಸಲ ಬೆರಳು ಚುಚ್ಚಿ ನೋಡಿ, "ಶುಗರ್ ಇದೆ" ಎಂದು ಮಾತ್ರೆ ಬರೆದುಕೊಟ್ಟರು. ಊಟ ತಪ್ಪಿದ ದಿನ ಈ ಮಾತ್ರೆ ಅಪಾಯಕಾರಿ ಎಂದು ಯಾರೂ ಹೇಳಲಿಲ್ಲ. ಮತ್ತೊಂದು ಪರೀಕ್ಷೆ ನಡೆಯಲಿಲ್ಲ. ಅದೇ ಹಳೆಯ ಚೀಟಿಗೆ ಅಂಗಡಿಯವರು ತಿಂಗಳು ತಿಂಗಳೂ ಮಾತ್ರೆ ಕೊಡುತ್ತಾ ಬಂದರು. ದಾಂಡೇಲಿಯಲ್ಲಿ ಮಾತ್ರೆ ನಿಲ್ಲಿಸಿ, ಕೆಲವು ತಿಂಗಳ ಬಳಿಕ ಕ್ರಮವಾಗಿ ಪರೀಕ್ಷಿಸಿದಾಗ ತಿಳಿದದ್ದು ಇಷ್ಟು: ಅಜ್ಜಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ.

"ವೈದ್ಯರನ್ನು ಹೋಗಿ ಕೇಳೋಣ" ಎಂದು ನಾನು ಹೇಳಿದಾಗ ಅಜ್ಜಿ, "ಬೇಡ ಮಗಾ, ನಾನು ಕ್ಷಮಿಸಿಬಿಟ್ಟಿದ್ದೇನೆ. ಕ್ಷಮಿಸಿದ ಮೇಲೆ ಕೇಳಬಾರದು" ಎಂದರು. ಆ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಕ್ಷಮಿಸಿದವರು ಕೇಳಬಾರದೇ?

ಮೊದಲು, ನಡೆದದ್ದು ಎಂಥ ತಪ್ಪು ಎಂಬುದನ್ನು ನೋಡೋಣ. ಮಧುಮೇಹವನ್ನು ನಿರ್ಣಯಿಸಲು ಸ್ಪಷ್ಟವಾದ ಅಳತೆಗೋಲುಗಳಿವೆ. ಖಾಲಿಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು; 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ತಾಸಿನ ನಂತರ 200 ಅಥವಾ ಹೆಚ್ಚು; ಇಲ್ಲವೇ ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡಾ 6.5 ಅಥವಾ ಹೆಚ್ಚು. ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಮುಂತಾದ ಲಕ್ಷಣಗಳಿಲ್ಲದವರಲ್ಲಿ ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಬೆರಳು ಚುಚ್ಚಿ ನೋಡುವ ಯಂತ್ರ ಸಂಶಯವನ್ನು ಎಬ್ಬಿಸಬಹುದೇ ಹೊರತು ತೀರ್ಪು ನೀಡಲಾರದು.

ಇದರ ಇನ್ನೊಂದು ಮುಖ ಇನ್ನೂ ಕ್ರೂರವಾದದ್ದು: ಇರುವ ಕಾಯಿಲೆಯನ್ನು ಕಾಣದೆ ಹೋಗುವುದು. ಮಗುವೊಂದು ಸಿಕ್ಕಾಪಟ್ಟೆ ನೀರು ಕುಡಿಯುತ್ತದೆ, ಸೊರಗುತ್ತದೆ, ಒಂದು ದಿನ ವಾಂತಿ, ಹೊಟ್ಟೆನೋವು, ಏದುಸಿರು. ಇದನ್ನು ಬರೀ ಹೊಟ್ಟೆಯ ತೊಂದರೆಯೆಂದು ಭಾವಿಸಿ, ರಕ್ತ ಪರೀಕ್ಷಿಸದೆ ಗ್ಲೂಕೋಸ್ ಬಾಟಲಿಯನ್ನೇ ಏರಿಸಿದರೆ ಗತಿಯೇನು? ಇನ್ಸುಲಿನ್ ಬೇಕಾದ ಆ ಮಗುವಿಗೆ ಪ್ರತಿಯೊಂದು ಗಂಟೆಯೂ ಅಮೂಲ್ಯ. ಒಂದು ಹನಿ ರಕ್ತ ಸಾಕಿತ್ತು.

ಹಾಗೆಂದು ಪ್ರತಿಯೊಂದು ತಪ್ಪೂ ಅಪರಾಧವಲ್ಲ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಈ ಗೆರೆಯನ್ನು ಎಳೆಯಿತು. ಎಚ್ಚರದಿಂದ ನಡೆದ ವೈದ್ಯರ ಊಹೆ ತಪ್ಪಾದರೆ ಅದಷ್ಟೇ ನಿರ್ಲಕ್ಷ್ಯವಾಗದು. ಸಾಮಾನ್ಯ ತಿಳಿವಳಿಕೆಯ ವೈದ್ಯರೊಬ್ಬರು ತೋರಬೇಕಾದ ಎಚ್ಚರವನ್ನು ತೋರದಿದ್ದರೆ ಅದು ನಿರ್ಲಕ್ಷ್ಯ. ಜೈಲಿಗೆ ಕಳುಹಿಸಬೇಕಾದರೆ ನಿರ್ಲಕ್ಷ್ಯ ಅತಿ ಘೋರವಾಗಿರಬೇಕು. ನೈತಿಕ ದೃಷ್ಟಿಯಿಂದಲೂ ಈ ಗೆರೆ ಸರಿಯಾದುದೇ. ಅರಿಯಲಾರದ್ದನ್ನು ಅರಿಯದಿರುವುದು ಮಾನವನ ಮಿತಿ. ಅರಿಯಬಹುದಾದದ್ದನ್ನು ಅರಿಯುವ ಶ್ರಮ ತೆಗೆದುಕೊಳ್ಳದಿರುವುದು ತಪ್ಪು.

ವೈದ್ಯರ ಕಷ್ಟವನ್ನೂ ನಾವು ತೂಗಬೇಕು. ಸೂಪಾ ಅಣೆಕಟ್ಟೆಯ ನೀರಿನಲ್ಲಿ ಹಳೆಯ ಸೂಪಾ ಪೇಟೆ ಮುಳುಗಿದ ಮೇಲೆ ಜೊಯಿಡಾ ನಮ್ಮ ತಾಲ್ಲೂಕಿನ ಕೇಂದ್ರವಾಯಿತು. ಕಾಡಿನ ನಡುವೆ ಚದುರಿದ ಮಜಿರೆಗಳು, ಮಳೆಗಾಲದಲ್ಲಿ ಕಡಿದುಹೋಗುವ ದಾರಿಗಳು. ಇಲ್ಲಿ ಸೇವೆ ಮಾಡುವವರು ಗೌರವಕ್ಕೆ ಅರ್ಹರು. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯರನ್ನು ಗೌರವಿಸಲು ಹೇಳುತ್ತದೆ. 1921ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದ ತಂಡದವರು ಅದರ ಹಕ್ಕನ್ನು ತಲಾ ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ವೈದ್ಯವೃತ್ತಿಯ ಮೇಲಿನ ನಮ್ಮ ಗೌರವ ಇಂಥ ತ್ಯಾಗದಿಂದ ಬಂದದ್ದು. ಆದರೆ ಗೌರವಿಸುವುದೆಂದರೆ ಪ್ರಶ್ನಿಸದಿರುವುದಲ್ಲ.

ಈಗ ಅಜ್ಜಿಯ ಮಾತಿಗೆ ಬರೋಣ. ತಮ್ಮ ಮುರಿದ ಸೊಂಟಕ್ಕಾಗಿ ಕ್ಷಮಿಸುವ ಹಕ್ಕು ಅಜ್ಜಿಗೆ ಪೂರ್ತಿಯಾಗಿ ಇದೆ. ಆದರೆ ನಾಳೆ ಅದೇ ಕುರ್ಚಿಯಲ್ಲಿ ಕುಳಿತು ಬೆರಳು ಚಾಚುವ ಇನ್ನೊಬ್ಬ ತಾಯಿಯ ಪರವಾಗಿ ಇಂದೇ ಕ್ಷಮಿಸಿಬಿಡುವ ಹಕ್ಕು ನಮಗೆ ಎಲ್ಲಿಂದ ಬಂತು? ಕ್ಷಮೆ ದ್ವೇಷವನ್ನು ಬಿಡುತ್ತದೆ, ಸತ್ಯವನ್ನು ಬಿಡುವುದಿಲ್ಲ. ಜಕ್ಕಾಯನ ಮನೆಗೆ ಪ್ರಭು ಅತಿಥಿಯಾಗಿ ಹೋದರು. ಆ ಕೃಪೆಯ ನಡುವೆಯೇ ಜಕ್ಕಾಯ ಎದ್ದು ನಿಂತು, ತಾನು ಮೋಸಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳಿದ. ಕೃಪೆ ಅವನ ಲೆಕ್ಕದ ಪುಸ್ತಕವನ್ನು ಮುಚ್ಚಿಸಲಿಲ್ಲ, ತೆರೆಸಿತು.

ನಮ್ಮ ಲೆಕ್ಕವೂ ತೆರೆಯಲಿ. ಅರವತ್ತು ದಾಟಿದವರಿಗೆ, ಕಾಯಿಲೆಯವರಿಗೆ ಧರ್ಮಸಭೆ ಉಪವಾಸವನ್ನು ಕಡ್ಡಾಯ ಮಾಡಿಲ್ಲ. ಅದನ್ನು ಅಜ್ಜಿಗೆ ತಿಳಿಸಬೇಕಾದವರು ನಾವೇ ಆಗಿದ್ದೆವು. ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕೀಳುತ್ತೇವೆನ್ನುವ ಜಾಹೀರಾತುಗಳನ್ನು 1954ರ ಕಾಯಿದೆಯೇ ನಿಷೇಧಿಸಿದ್ದರೂ ಅವುಗಳನ್ನು ನಂಬಿ ಇನ್ಸುಲಿನ್ ಬಿಡುವವರು ನಮ್ಮಲ್ಲೇ ಇದ್ದಾರೆ. 2016ರಲ್ಲಿ ಇಂಗ್ಲೆಂಡಿನಲ್ಲಿ ಮೈಗೆ ಹೊಡೆದುಕೊಳ್ಳುವ ಚಿಕಿತ್ಸೆಯ ಶಿಬಿರವೊಂದರಲ್ಲಿ 71 ವರ್ಷದ ಮಹಿಳೆಯೊಬ್ಬರು ಇನ್ಸುಲಿನ್ ನಿಲ್ಲಿಸಿ ಪ್ರಾಣ ಬಿಟ್ಟರು. ಶಿಬಿರ ನಡೆಸಿದವನಿಗೆ 2024ರಲ್ಲಿ ಹತ್ತು ವರ್ಷಗಳ ಸೆರೆವಾಸವಾಯಿತು.

ಆದ್ದರಿಂದ, ಪ್ರಿಯರೇ, ವಿನಯದಿಂದಲೇ ಕೇಳಿ: ಈ ಕಾಯಿಲೆ ಹೇಗೆ ಖಚಿತವಾಯಿತು? ಈ ಮಾತ್ರೆಯ ಹೆಸರೇನು, ಊಟ ತಪ್ಪಿದರೆ ಏನು ಮಾಡಬೇಕು? ಮುಂದಿನ ಪರೀಕ್ಷೆ ಯಾವಾಗ? ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಬೆವರು, ನಡುಕ, ತೊದಲು ಕಂಡರೆ, ಎಚ್ಚರವಿರುವವರಿಗೆ ತಕ್ಷಣ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ 2002ರ ನಡವಳಿಕೆಯ ನಿಯಮಗಳಿವೆ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲೇ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ.

ಕೊನೆಗೆ ಅಜ್ಜಿಯ ಒಪ್ಪಿಗೆ ಪಡೆದು, ಅವರ ಮೊಮ್ಮಗನೊಡನೆ ನಾನು ಆ ವೈದ್ಯರಲ್ಲಿಗೆ ಹೋದೆ. ಜಗಳವಾಡಲಿಲ್ಲ, ನಡೆದದ್ದನ್ನು ಹೇಳಿ, ದಾಂಡೇಲಿಯ ಚೀಟಿಗಳನ್ನು ಮುಂದಿಟ್ಟೆವು. ಅವರು ಬಹಳ ಹೊತ್ತು ಅವನ್ನೇ ನೋಡುತ್ತಾ ಕುಳಿತರು. ಆಮೇಲೆ ಮೆಲ್ಲನೆ, "ಇಷ್ಟು ವರ್ಷಗಳಲ್ಲಿ ಯಾರೂ ಹೀಗೆ ಬಂದು ಹೇಳಿರಲಿಲ್ಲ" ಎಂದರು.

ಮನೆಗೆ ಬಂದು ಅಜ್ಜಿಗೆ ಇದನ್ನು ತಿಳಿಸಿದೆವು. ಅವರು ಸ್ವಲ್ಪ ಯೋಚಿಸಿ ಹೇಳಿದರು: "ಹಾಗಾದರೆ ನಾವು ಮೊದಲೇ ಹೋಗಬೇಕಿತ್ತು."