ಬೇರೆ ಭರಣಿ

ಮೊನ್ನೆ ಮಗಳು ನನ್ನ ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕುತ್ತಾ ಕೂತಿದ್ದಳು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಸ್ವಯಂಸೇವಕರು ಕೂಡಿ ಕಟ್ಟುತ್ತಿರುವ ವ್ಯವಸ್ಥೆ ಅದು. ಅದರ ಒಳಗನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆ ಸ್ವಾತಂತ್ರ್ಯ ಕೊಡದ ತಂತ್ರಾಂಶಗಳನ್ನೂ ಅವರು ಇಟ್ಟಿದ್ದಾರೆ, ಆದರೆ 'ನಾನ್-ಫ್ರೀ' ಎಂಬ ಬೇರೆ ವಿಭಾಗದಲ್ಲಿ. ಅದು ಡೆಬಿಯನ್ನಿನ ಭಾಗವಲ್ಲವೆಂದು 1997ರ ಒಡಂಬಡಿಕೆಯಲ್ಲೇ ಬರೆದುಕೊಂಡಿದ್ದಾರೆ.

"ಒಲ್ಲದ್ದನ್ನು ಮನೆಯಲ್ಲಿ ಯಾಕೆ ಇಟ್ಟುಕೊಳ್ಳಬೇಕು?" ಎಂದೆ.

"ಅದಿಲ್ಲದಿದ್ರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವೈಫೈಯೇ ಬರಲ್ಲಮ್ಮ."

ಹಾಗಾಗಿ 2022ರಲ್ಲಿ ಮತ ಹಾಕಿ, ಯಂತ್ರದ ಬಿಡಿಭಾಗಗಳನ್ನು ನಡೆಸುವ ಅಂಥ ಫರ್ಮ್‌ವೇರು ಮೊದಲ ಸಲ ಹಾಕುವಾಗಲೇ ಸಿಗುವಂತೆ ಮಾಡಿದರಂತೆ. ಆಗಲೂ ಅದಕ್ಕೊಂದು ಪ್ರತ್ಯೇಕ ವಿಭಾಗ, ಪ್ರತ್ಯೇಕ ಹೆಸರು.

ನನಗೆ ಅತ್ತೆಯ ನೆನಪಾಯಿತು. ಒಂದು ವರ್ಷ ನಾನು ಹಾಕಿದ ಮಾವಿನಮಿಡಿ ಬೂಸಲು ಹಿಡಿದು, ಅಂಗಡಿಯಿಂದ ತಂದದ್ದನ್ನು ಅದೇ ಭರಣಿಗೆ ತುಂಬಿದ್ದೆ. "ಈ ಸಲ ಹದ ಚೆನ್ನಾಗಿ ಬಂದಿದೆ ಕಣೇ" ಎಂದರು ಅತ್ತೆ. ನಾನು ಸುಮ್ಮನೆ ತಲೆ ತಗ್ಗಿಸಿದೆ.

ಅಂಗಡಿಯದನ್ನು ತಂದದ್ದಕ್ಕೆ ನನಗೆ ಬೇಸರವಿಲ್ಲ. ಸಂಸಾರದಲ್ಲಿ ಎಲ್ಲವೂ ನಮ್ಮ ಮನಸ್ಸಿನಂತೆ ನಡೆಯುವುದುಂಟೆ? ಆದರೆ ಅದನ್ನು ಬೇರೆ ಭರಣಿಯಲ್ಲಿ ಇಡಬಹುದಿತ್ತು. ಅತ್ತೆ ಈಗಿಲ್ಲ. ಆ ಮಾತು ನನ್ನಲ್ಲೇ ಉಳಿದಿದೆ.